ಗೇನ್ ನಾಬಿಗೆ ಹಚ್ಚಿದ ಟೇಪು

ಯಾದಗಿರಿ ಹೊಸ ಜಿಲ್ಲೆಯಾಗಿ ಎರಡು ಮೂರು ವರ್ಷವಾಗಿತ್ತು. ನಾನು ಆಗ ಶಹಾಪುರದಲ್ಲಿ ಸೌಂಡ್ ಸರ್ವಿಸ್ ನಡೆಸುತ್ತಿದ್ದೆ. ಮುಂದಿನ ಕೋಣೆಯಲ್ಲಿ ಮೈಕ್‌ಸೆಟ್ ಬಾಡಿಗೆ, ಹಿಂದಿನ ಕೋಣೆಯಲ್ಲಿ ರಿಪೇರಿ. ಕೆಲಸ ಕಲಿತದ್ದು ಸುರಪುರದಲ್ಲಿ, ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದ ಒಬ್ಬ ಉಸ್ತಾದರ ಬಳಿ. ಮದುವೆ, ಉರುಸು, ಚುನಾವಣೆ ಭಾಷಣ, ಎಲ್ಲಕ್ಕೂ ನನ್ನ ಡಬ್ಬಗಳು ಹೋಗಿ ಬಂದಿವೆ. ನನ್ನ ವೃತ್ತಿಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಸದ್ದು ಒಡೆಯದಂತೆ, ಅಂದರೆ ಬಿರಿದು ಕರ್ಕಶವಾಗದಂತೆ, ನೋಡಿಕೊಳ್ಳುವುದು. ನಮ್ಮ ಕಡೆ ಕಾಲುವೆಯೂ ಒಡೆಯುತ್ತದೆ, ಸೌಂಡೂ ಒಡೆಯುತ್ತದೆ. ಎರಡಕ್ಕೂ ಒಂದೇ ಮಾತು, ಎರಡರಲ್ಲೂ ಬೈಸಿಕೊಳ್ಳುವವನು ಹತ್ತಿರ ನಿಂತಿದ್ದ ಕೆಲಸಗಾರ.

ಊರಿನ ಒಂದು ಖಾಸಗಿ ಕಾಲೇಜಿನ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಮೈಕ್ ನನ್ನದೇ. ಆ ವರ್ಷ ಹಿಂದಿನ ದಿನವೇ ಅಲ್ಲಿಯ ಸಾಂಸ್ಕೃತಿಕ ವಿಭಾಗದ ಉಪನ್ಯಾಸಕರು ಅಂಗಡಿಗೆ ಬಂದರು. ಹಿಂದೆಯೇ ಒಂದು ಆಟೊ. ಆಟೊದಲ್ಲಿ ಕಪ್ಪು ರೆಕ್ಸಿನ್ ಹೊದಿಸಿದ ಭಾರದ ಪೆಟ್ಟಿಗೆ, ಅದನ್ನು ತಬ್ಬಿ ಕುಳಿತ ಒಬ್ಬ ಹುಡುಗಿ.

"ಗಿಟಾರಿನ ಆಂಪ್ಲಿಫೈಯರ್ ರೀ. ಸೌಂಡ್ ಪೂರಾ ಒಡದೈತಿ. ನಾಳಿ ಸಂಜಿಗೆ ರಿಪೇರಿ ಆಗಬೇಕು. ಇಲ್ಲಂದ್ರ ಇವರ ಹಾಡು ಕ್ಯಾನ್ಸಲ್" ಎಂದು ಹೇಳಿ ಉಪನ್ಯಾಸಕರು ಹೊರಟುಹೋದರು.

ಹುಡುಗಿಯ ಹೆಸರು ಸುಜಾತಾ, ಬಿ.ಎಸ್ಸಿ. ಕೊನೆಯ ವರ್ಷ. ಊರು ಸಗರದ ಆಚೆ, ಕಾಲುವೆಯ ಟೇಲೆಂಡಿನಲ್ಲಿ. ಟೇಲೆಂಡ್ ಎಂದರೆ ಕಾಲುವೆ ಮುಗಿಯುವ ಜಾಗ. ಮೇಲಿನವರು ಪಂಪು ಹಚ್ಚಿ ಎತ್ತಿಕೊಂಡು ಉಳಿದ ನೀರು ಅಲ್ಲಿಗೆ ಬರಬೇಕು, ಉಳಿಯುವುದೇ ಇಲ್ಲ. ಅವಳ ತಂದೆ ಭೀಮರಾಯ ಕಾಲುವೆಯ ಗೇಟು ತೆರೆದು ಮುಚ್ಚುವ ದಿನಗೂಲಿ ನೌಕರ. ದಿನವೂ ಗೇಟು ತಿರುಗಿಸುವವನ ಹೊಲಕ್ಕೇ ನೀರಿಲ್ಲ! ಆಂಪ್ಲಿಫೈಯರ್ ಹೈದರಾಬಾದಿನ ಬ್ಯಾಂಡೊಂದರಲ್ಲಿ ನುಡಿಸುತ್ತಿದ್ದ ಸೋದರಮಾವನಿಂದ ಬಂದದ್ದು.

ಹಿಂಬದಿಯ ಹಲಗೆ ಬಿಚ್ಚಿ ಸ್ವಿಚ್ ಹಾಕಿದೆ. ಒಳಗೆ ಸಾಲಾಗಿ ಗಾಜಿನ ಬುರುಡೆಯಂಥ ವಾಲ್ವುಗಳು ಕೆಂಪಗೆ ಹೊತ್ತಿಕೊಂಡವು. ಎಷ್ಟೋ ವರ್ಷದ ಮೇಲೆ ವಾಲ್ವ್ ಕಂಡು ನನಗೆ ಉಸ್ತಾದರ ಅಂಗಡಿಗೇ ಹೋದಷ್ಟು ಖುಷಿಯಾಯಿತು. ವೋಲ್ಟೇಜು ನೋಡಿದೆ, ಸ್ಪೀಕರಿನ ಕಾಗದ ನೋಡಿದೆ, ಬೆಸುಗೆಗಳನ್ನು ತಟ್ಟಿ ನೋಡಿದೆ. ಎಲ್ಲಿಯೂ ತಪ್ಪು ಸಿಗಲಿಲ್ಲ. ಗಿಟಾರ್ ಸಿಕ್ಕಿಸಿ ನುಡಿಸು ಎಂದೆ. ತಂತಿ ಮುಟ್ಟಿದಳೋ ಇಲ್ಲವೋ, ಬಡಗಿಯ ಮಷಿನ್ನು ಮರಕ್ಕೆ ಬಾಯಿ ಹಾಕಿದ ಹಾಗೆ ಕೊರ್ರೆಂದಿತು. ಅಂಗಡಿಯ ಗಾಜು ನಡುಗಿತು.

"ಹೌದಲ್ಲವಾ, ಒಡದೈತಿ" ಎಂದೆ.

ಹುಡುಗಿ ನನ್ನನ್ನೇ ನೋಡಿದಳು. "ಅದಾಗಿ ಒಡದಿಲ್ರಿ ಕಾಕಾ. ನಾ ಒಡದೀನಿ."

ಓದುಗರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಮೈಕ್‌ಸೆಟ್ಟಿಗೆ ಒಂದು ವಾಲ್ಯೂಮ್ ನಾಬು, ಅಂದರೆ ತಿರುಗಿಸುವ ಗುಂಡಿ, ಸಾಕು. ಇಂಥ ಹೈ-ಗೇನ್ ಆಂಪ್ಲಿಫೈಯರಿಗೆ ಎರಡು ಇರುತ್ತವೆ, ಗೇನ್ ಮತ್ತು ಮಾಸ್ಟರ್. ಗೇನ್ ಎಂದರೆ ಕಾಲುವೆಯ ತಲೆಯಲ್ಲಿರುವ ಗೇಟು. ಮಾಸ್ಟರ್ ಎಂದರೆ ಹೊಲದ ಬಾಯಿಯಲ್ಲಿರುವ ತೂಬು. ಗೇನ್ ಪೂರ್ತಿ ತೆಗೆದರೆ ಗಿಟಾರಿನ ಸಣ್ಣ ಸಿಗ್ನಲ್ ಒಂದು ವಾಲ್ವಿನಿಂದ ಇನ್ನೊಂದಕ್ಕೆ ಉಬ್ಬುತ್ತ ಹೋಗಿ, ಅಲ್ಲಿ ಹಿಡಿಸಲಾರದೆ ಅಲೆಯ ತಲೆ ಚಪ್ಪಟೆಯಾಗಿ ಕಡಿದುಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಕಡಿದ ಅಲೆಯಿಂದ ಮೂಲ ಸ್ವರದ ಜೊತೆ ಬೇರೆ ಸ್ವರಗಳು ಹುಟ್ಟುತ್ತವೆ, ಸದ್ದು ಒರಟಾಗುತ್ತದೆ, ಬೇಗ ಸಾಯುವುದೂ ಇಲ್ಲ. ಮಾಸ್ಟರನ್ನು ತಗ್ಗಿಸಿದರೆ ಅದೇ ಒರಟು ಸದ್ದು ಮೆಲ್ಲಗೆ ಬರುತ್ತದೆ. ನಾನು ಜೀವಮಾನವೆಲ್ಲ ಓಡಿಸಿದ ಕ್ಲಿಪ್ಪಿಂಗನ್ನು ಈ ಹುಡುಗಿ ಕೈಹಿಡಿದು ಮನೆಯೊಳಗೆ ಕರೆದುಕೊಂಡಿದ್ದಳು.

ಅವಳು ಮಾಡಿದ ತಪ್ಪು ಬೇರೆಯೇ ಇತ್ತು. ಮಿಡ್ ಎಂಬ ನಾಬನ್ನು, ಅಂದರೆ ನಡುವಿನ ಸ್ವರಗಳನ್ನು, ಸೊನ್ನೆಗೆ ಇಳಿಸಿಟ್ಟಿದ್ದಳು. ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಹಾಗೆ ಭಾರಿ ಕೇಳಿಸುತ್ತದೆ. ಸಭಾಂಗಣದಲ್ಲಿ ಡ್ರಮ್ಮು ಶುರುವಾದರೆ ಗಿಟಾರ್ ಇದ್ದಲ್ಲೇ ಮುಳುಗುತ್ತದೆ. ಮಿಡ್ ಏರಿಸಿದೆ, ಬಾಸ್ ಸ್ವಲ್ಪ ಇಳಿಸಿದೆ. ಒಮ್ಮೆ ಕೇಳಿ ನಕ್ಕಳು.

"ಈಗ ಗಿಟಾರ್ ಮಂದಿ ಎದುರಿಗಿ ಬಂದು ನಿಂತಂಗಾತು ನೋಡ್ರಿ."

ಹಾಡು ಅವಳದೇ, ಹೆಸರು 'ಟೇಲೆಂಡ್'. ಡ್ರಮ್ಮಿಗೆ ಸಹಪಾಠಿ ಮಾಳಪ್ಪ, ಕುರಿ ಕಾಯುವ ಮನೆತನದವನು. ಕಾಲೇಜು ಮುಗಿದರೆ ಇಬ್ಬರಿಗೂ ಮತ್ತೊಂದು ಸ್ಟೇಜು ಸಿಗುವುದಿಲ್ಲ. ತನ್ನ ಊರಿನವರ ಮಾತನ್ನು ಈ ಸದ್ದಿನಲ್ಲಿಯೇ, ಕೇಳಬೇಕಾದವರಿಗೆ ಒಮ್ಮೆ ಕೇಳಿಸಬೇಕು ಎಂಬುದೊಂದೇ ಅವಳ ಹಟ.

ಮರುದಿನ ಮಧ್ಯಾಹ್ನ ಕಾಲೇಜಿನ ಸಭಾಂಗಣದಲ್ಲಿ ಉಪನ್ಯಾಸಕರ ಮುಂದೆ ಆಂಪ್ಲಿಫೈಯರ್ ಇಟ್ಟು, ಗೇನ್ ತಗ್ಗಿಸಿ ತೋರಿಸಿದೆ. ಸದ್ದು ತೊಳೆದಿಟ್ಟ ಹಾಗೆ ಬಂತು. "ಕೆಟ್ಟಿಲ್ರಿ ಸರ. ಆಕಿ ಬೇಕಂತ ಹಂಗ ಇಟ್ಟಾಳ."

"ಹಂಗಾದ್ರ ನಾಬು ಇಲ್ಲೇ ಇರ್ಲಿ. ಸಾಫ್ ಐತಿ" ಎಂದರು. ಆಮೇಲೆ ದನಿ ತಗ್ಗಿಸಿ ನಿಜ ಹೇಳಿದರು. ಆ ದಿನದ ಮುಖ್ಯ ಅತಿಥಿ ಕಾಲುವೆಯ ಮೇಲ್ಭಾಗದ ದೊಡ್ಡ ಜಮೀನುದಾರರು. ಅವರ ಗದ್ದೆಯಲ್ಲಿ ನೀರು ಎಂದೂ ಇಂಗಿದ್ದಿಲ್ಲ. "ಹಾಡು ಹಾಡ್ಲಿ, ಬ್ಯಾಡ ಅನ್ನಂಗಿಲ್ಲ. ಜರಾ ಮೆತ್ತಗ ಹಾಡ್ಲಿ. ಭಾವಗೀತಿ ಗತಿ."

ಸುಜಾತಾ ಪಕ್ಕದಲ್ಲೇ ನಿಂತಿದ್ದಳು. "ಮೆತ್ತಗ ಹಾಡಿದ್ರ ಅದು ಅರ್ಜಿ ಆಗ್ತೈತ್ರಿ ಸರ. ಅರ್ಜಿ ಕೊಟ್ಟು ಕೊಟ್ಟು ನಮ್ಮೂರ ಮಂದಿಗಿ ಸಾಕಾಗೇತಿ."

ಉಪನ್ಯಾಸಕರು ನನ್ನ ಪೆಟ್ಟಿಗೆಯಿಂದ ಕಪ್ಪು ಟೇಪಿನ ಸುರುಳಿ ಎತ್ತಿಕೊಂಡು, ಗೇನನ್ನು ಇನ್ನಷ್ಟು ತಗ್ಗಿಸಿ, ನಾಬಿನ ಮೇಲೆ ಅಡ್ಡಡ್ಡ ಟೇಪು ಹಚ್ಚಿದರು. ಯಾರೂ ಮುಟ್ಟಬಾರದು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಟೇಪು ತಂತಿಯ ಗಾಯಕ್ಕೆ ಹಚ್ಚುವುದಕ್ಕೆ ಇರುವುದು, ಹುಡುಗಿಯ ಬಾಯಿಗೆ ಹಚ್ಚುವುದಕ್ಕಲ್ಲ! ಆದರೆ ಅವಳು ಕಣ್ಣಿನಲ್ಲಿಯೇ ಸುಮ್ಮನಿರಿ ಎಂದಳು. ನಾನು ಸ್ಪೀಕರಿನ ಮುಂದೆ ಮೈಕ್ ನಿಲ್ಲಿಸಿ, ಎಲ್ಲ ಮೈಕುಗಳ ಸದ್ದು ಕೂಡುವ ನನ್ನ ಮಿಕ್ಸರಿನ ಕಡೆ ಹೋದೆ.

ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅತಿಥಿಗಳು. ಕೊನೆಯ ಸಾಲಿನಲ್ಲಿ, ಗೋಡೆಗೆ ಒರಗಿ ಕುಳಿತು, ಟವೆಲ್ ಹೆಗಲಿಗೆ ಹಾಕಿಕೊಂಡ ಭೀಮರಾಯ ಮತ್ತು ಅವರ ಊರಿನ ಹತ್ತಾರು ಜನ. ಸುಜಾತಾ ಬಂದಳು, ತಂತಿಯನ್ನೊಮ್ಮೆ ಮೀಟಿದಳು. ಸಾಫ್ ಸದ್ದು, ನೀರು ಬೆರೆಸಿದ ಹಾಲಿನಂತೆ. ಅತಿಥಿಗಳು ತಲೆದೂಗಿದರು.

ಅವಳು ಮೈಕಿಗೆ ಬಾಯಿ ತಂದಳು. "ತಪ್ಪ ತಿಳಕೋಬ್ಯಾಡ್ರಿ. ಗೇಟಿಗಿ ಯಾರೋ ಕೀಲಿ ಹಾಕ್ಯಾರ. ತಗದು ಬರ್ತೀನಿ."

ಕೊನೆಯ ಸಾಲು ಗೊಳ್ಳೆಂದು ನಕ್ಕಿತು. ನಮ್ಮ ಸೀಮೆಯಲ್ಲಿ ಈ ಮಾತು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟೇಲೆಂಡಿನವರು ಮುಟ್ಟದಿರಲಿ ಎಂದು ಗೇಟಿಗೆ ಕೀಲಿ ಜಡಿಯುವುದನ್ನು ಅಲ್ಲಿದ್ದವರೆಲ್ಲ ನೋಡಿದ್ದರು. ಸುಜಾತಾ ಆಂಪ್ಲಿಫೈಯರಿನ ಹತ್ತಿರ ಹೋಗಿ ಟೇಪನ್ನು ಚರ್ರನೆ ಕಿತ್ತಳು. ಸ್ಪೀಕರಿನ ಮುಂದೆ ನಿಲ್ಲಿಸಿದ್ದ ನನ್ನ ಮೈಕ್ ಆ ಚರ್ ಸದ್ದನ್ನೂ ಹಿಡಿದು ಸಭಾಂಗಣಕ್ಕೆಲ್ಲ ಕೇಳಿಸಿತು. ಗೇನನ್ನು ಪೂರ್ತಿ ತಿರುಗಿಸಿದಳು. ಮಾಳಪ್ಪ ಕಡ್ಡಿ ಎತ್ತಿದ.

'ಗೇಟು ನಿಮ್ಮ ಕೈಯಾಗ, ದಾರಿ ನಮ್ಮ ಕಣ್ಣಾಗ.' ಹಾಡಿನ ಆ ಒಂದು ಸಾಲು ನನಗೆ ಇವತ್ತಿಗೂ ನೆನಪಿದೆ. ಒಡೆದ ಸದ್ದು ಅದನ್ನು ಹೊತ್ತುಕೊಂಡು ಮುಂದಿನ ಸಾಲಿನ ತನಕ ನುಗ್ಗಿತು.

ಉಪನ್ಯಾಸಕರು ನನ್ನ ಹತ್ತಿರ ಓಡಿ ಬಂದರು. "ಆ ಮೈಕ್ ಬಂದ್ ಮಾಡ್ರಿ!"

"ಯಾಕ್ರಿ ಸರ? ಕೆಟ್ಟಿಲ್ಲಲ್ಲ."

"ಮುಂದಿನ ವರ್ಷ ನಿಮಗ ಕೆಲಸ ಬೇಕೋ ಬ್ಯಾಡೋ?"

ನನ್ನ ಬೆರಳು ಅವಳ ಗಿಟಾರಿನ ಸದ್ದು ಏರಿಳಿಸುವ ಫೇಡರಿನ ಮೇಲೇ ಇತ್ತು. ಅವರು ನೋಡುತ್ತಿರುವಾಗಲೇ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳಿದೆ. ಅಷ್ಟು ಸಂತೋಷ ಕೊಟ್ಟ ಕೆಲಸ ನಾನು ಮತ್ತೊಂದು ಮಾಡಿಲ್ಲ.

ಹಾಡಿನ ಕೊನೆಗೆ ಸುಜಾತಾ ಸಭೆಗೆ ಬೆನ್ನು ಮಾಡಿ, ಗಿಟಾರನ್ನು ಸ್ಪೀಕರಿನ ಎದುರು ಹಿಡಿದು ನಿಂತಳು. ಸ್ಪೀಕರಿನ ಸದ್ದು ತಂತಿಯನ್ನು ನಡುಗಿಸುತ್ತದೆ, ತಂತಿ ಮತ್ತೆ ಸ್ಪೀಕರನ್ನು ಕೂಗಿಸುತ್ತದೆ. ಇದು ಫೀಡ್‌ಬ್ಯಾಕ್, ಮೈಕಿನವರ ಹಳೆಯ ವೈರಿ. ಅವಳ ಕೈಯಲ್ಲಿ ಅದು ಒಂದೇ ಸ್ವರವಾಗಿ ನಿಂತೇಬಿಟ್ಟಿತು. ಕೈ ತಂತಿಯನ್ನು ಬಿಟ್ಟಿತ್ತು, ಸ್ವರ ಮಾತ್ರ ಬಿಡಲಿಲ್ಲ. ಕೊನೆಯ ಸಾಲಿನವರು ಎದ್ದು ನಿಂತರು. ಅತಿಥಿಗಳು ಕುಳಿತೇ ಇದ್ದರು, ಆದರೆ ಎಲ್ಲವನ್ನೂ ಕೇಳಿದರು. ಕೇಳದೇ ಇರಲು ಅಲ್ಲಿ ಜಾಗವಿರಲಿಲ್ಲ.

ಕಾರ್ಯಕ್ರಮ ಮುಗಿದು ನಾನು ವೈರು ಸುತ್ತುತ್ತಿದ್ದಾಗ ಭೀಮರಾಯ ನನ್ನ ಬಳಿ ಬಂದ. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗು. "ನಾ ಎಷ್ಟೋ ಗೇಟ್ ತಗದೀನ್ರಿ. ಇಷ್ಟು ನೀರು ಯಾವ ಗೇಟಿನಾಗೂ ಬಂದಿಲ್ಲ ನೋಡ್ರಿ" ಎಂದ.

ಮುಂದಿನ ವರ್ಷ ಆ ಕಾಲೇಜು ನನ್ನನ್ನು ಕರೆಯಲಿಲ್ಲ, ಆಮೇಲೂ ಕರೆಯಲಿಲ್ಲ. ನನಗೇನೂ ಬೇಸರವಿಲ್ಲ. ಕೆಟ್ಟದ್ದನ್ನು ಸರಿಮಾಡುವುದು ನನ್ನ ವೃತ್ತಿ. ಕೇಳಲಾರದವರ ಕಿವಿಗಾಗಿ ಸರಿಯಿದ್ದದ್ದನ್ನು ಕೆಡಿಸುವುದು ನನ್ನ ವೃತ್ತಿಯಲ್ಲ. ಇದನ್ನು ನನಗೆ ಕಲಿಸಿದ್ದು ಆ ಕಪ್ಪು ಪೆಟ್ಟಿಗೆ.

ಈಗ ಅಂಗಡಿ ಮುಚ್ಚಿದ್ದೇನೆ. ಆದರೂ ಯಾರಾದರೂ ಏನಾದರೂ ಹೊತ್ತು ತಂದು "ಸೌಂಡ್ ಒಡದೈತ್ರಿ" ಎಂದರೆ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಮುದುಕನಿಗೆ ಅರಳುಮರಳು ಎಂದು ಅವರು ನಗುತ್ತಾರೆ. ನಗಲಿ, ನಾನು ಕೇಳುವುದನ್ನು ಬಿಡುವುದಿಲ್ಲ:

"ಅದಾಗಿ ಒಡದೈತೋ, ಯಾರರ ಒಡದಾರೋ?"