ತಲೆಕೆಳಗಾದ ನಲವತ್ನಾಲ್ಕನೆಯ ತುಂಡು

ಐಸಕ್ಕ ಶನಿವಾರ ಬೆಳಿಗ್ಗೆ ತೀರಿಕೊಂಡಳು. ಹೃದಯ ನಿಂತಿತು. ವಯಸ್ಸು ಅರವತ್ತಮೂರು. ಅವಳ ಒಂಬತ್ತು ಧ್ರುವಯಾತ್ರೆಗಳ ಬಗ್ಗೆ ಪತ್ರಿಕೆಗಳು ಬರೆದಿವೆ. ಕೊನೆಯ ವಾರದ ಬಗ್ಗೆ ಯಾರೂ ಬರೆದಿಲ್ಲ. ಹೋದವರ ತಪ್ಪನ್ನು ಎತ್ತಬಾರದಂತೆ. ಆದರೆ ಆ ತಪ್ಪನ್ನು ಬಿಟ್ಟು ಐಸಕ್ಕನ ಬಗ್ಗೆ ಹೇಳಿದರೆ ಅವಳೇ ಎದ್ದು ಬಂದು ಬೈದಾಳು.

ಐಸಕ್ಕ ಎಂದು ಕರೆದವರು ಅವಳ ಹುಡುಗರು. ಪ್ರತಿ ಯಾತ್ರೆಗೂ ಆರು ಮಂದಿ ಹುಡುಗ ಹುಡುಗಿಯರನ್ನು ಹಡಗು ಹತ್ತಿಸುತ್ತಿದ್ದಳು. ತಮ್ಮೂರಿನ ನೀರನ್ನೋ ಗಾಳಿಯನ್ನೋ ಉಳಿಸಲು ಜಗಳ ಕಾಯ್ದವರೇ ಆಗಬೇಕು. ಅಂಕಪಟ್ಟಿಯನ್ನು ತಿರುಗಿಯೂ ನೋಡುತ್ತಿರಲಿಲ್ಲ. "ಬೈಸ್ಕೊಂಡು ಅಭ್ಯಾಸ ಇದೆಯಾ? ಇದ್ರೆ ಬಾ" ಎನ್ನುತ್ತಿದ್ದಳು.

ಹಿಮದ ಆಳಕ್ಕೆ ಕೊಳವೆ ಇಳಿಸಿ ಮೀಟರುದ್ದದ ಮಂಜುಗಡ್ಡೆಯ ತುಂಡುಗಳನ್ನು ತೆಗೆಯುವುದು ಅವಳ ಕೆಲಸ. ಕೆಳಗೆ ಹೋದಷ್ಟೂ ಹಳೆಯ ಕಾಲ. ಹಾಗಾಗಿ ತುಂಡು ಹೊರಬಂದ ಕೂಡಲೇ, ಬೇರೆ ಮಾತಿಗೆ ಮೊದಲು, ಯಾವ ತುದಿ ಮೇಲಿತ್ತೆಂದು ಅದರ ಚೀಲದ ಮೇಲೆ ಬಾಣ ಬರೆಯಬೇಕು. ಮರೆತವರಿಗೆ ಮೂರು ದಿನ ಪಾತ್ರೆ ತೊಳೆಯುವ ಶಿಕ್ಷೆ.

ಈ ಸಲದ ಆರು ಮಂದಿಯಲ್ಲಿ ಒಬ್ಬಳು ಮೀನು ಮಾರುವವಳ ಮಗಳು. ತರಬೇತಿಗೆಂದು ಶೀತಲಕೋಣೆ ಹೊಕ್ಕವಳು ಹಳೆಯ ತುಂಡುಗಳನ್ನು ಸಾಲಾಗಿ ಜೋಡಿಸಿದಳು.

"ಅಕ್ಕಾ, ನಲವತ್ಮೂರನೇದರ ಬುಡದಲ್ಲಿ ಜ್ವಾಲಾಮುಖಿ ಬೂದಿಯ ಪಟ್ಟಿ ಅರ್ಧ ಇದೆ. ಉಳಿದರ್ಧ ನಲವತ್ನಾಲ್ಕನೇದರ ತಲೇಲಿ ಇರ್ಬೇಕಲ್ವಾ? ಅದರ ಬುಡದಲ್ಲಿದೆ."

ಐಸಕ್ಕ ಬಾಗಿ ನೋಡಿದಳು. ಬಾಣ ಅವಳ ಕೈಯದೇ. ಹನ್ನೊಂದು ವರ್ಷದ ಹಿಂದೆ, ಬಿರುಗಾಳಿಗೆ ಡೇರೆ ಕಿತ್ತುಹೋಗುತ್ತಿದ್ದಾಗ, ಬಾಣ ಆಮೇಲೆ ಬರೆದರಾಯಿತೆಂದು ತುಂಡನ್ನು ಪೆಟ್ಟಿಗೆಗೆ ತುರುಕಿ, ಮರುದಿನ ಅಂದಾಜಿನ ಮೇಲೆ ಬರೆದಿದ್ದಳು. ಅವಳಿಗೆ ಹೆಸರು ತಂದ ಲೇಖನ ನಿಂತಿದ್ದು ಇದೇ ತುಂಡಿನ ಮೇಲೆ. ಬಿಸಿ ಏರಿತೆಂದು ಅವಳು ಬರೆದ ಕಡೆ ಅದು ಇಳಿದಿತ್ತು.

ಸಂಸ್ಥೆಯ ನಿರ್ದೇಶಕ ಅವಳ ಹಳೆಯ ಶಿಷ್ಯ. ಬಾಗಿಲು ಮುಚ್ಚಿ ಬಂದು ಕೂತ.

"ಮೇಡಂ, ಯಾತ್ರೆ ಮುಗಿದ ಮೇಲೆ ಹೇಳೋಣ. ಈಗ ಬಾಯಿಬಿಟ್ರೆ ಆಡಿಕೊಳ್ಳೋರಿಗೆ ಹಬ್ಬ. ಮುಂದಿನ ತಿಂಗಳು ಹಡಗೂ ಇಲ್ಲ, ಈ ಮಕ್ಕಳಿಗೆ ಅವಕಾಶನೂ ಇಲ್ಲ."

"ಐದನೇ ಯಾತ್ರೇಲಿ ನೀನು ಎಷ್ಟು ದಿನ ಪಾತ್ರೆ ತೊಳೆದೆ?"

"ಆರು."

"ಎರಡು ಸಲ ಸಿಕ್ಕಿಬಿದ್ದಿದ್ದೆ. ನಾನು ಒಂದೇ ಸಲ. ನಿನಗಿಂತ ವಾಸಿ."

"ತಮಾಷೆ ಅಲ್ಲ ಮೇಡಂ. ನಿಮ್ಮ ಹೆಸರು ಹಾಳಾಗುತ್ತೆ."

"ಆಗ್ಲಿ. ಹಡಗು ಬೇಕಾದ್ರೆ ನಿಲ್ಲಲಿ. ಮುಚ್ಚಿಡೋದನ್ನ ಕಲಿಸೋಕೆ ಮಕ್ಕಳನ್ನ ಅಷ್ಟು ದೂರ ಕರ್ಕೊಂಡು ಹೋಗ್ಬೇಕಾ? ಅದನ್ನ ಇಲ್ಲೇ ಕಲೀತಾರೆ."

ಮನೆಯಲ್ಲಿ ತಂಗಿ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳ್ಲಿಲ್ಲ. ಊರ ಉಸಾಬರಿ ನಿನಗ್ಯಾಕೆ?"

"ಊರ ಉಸಾಬರಿನೇ ನನ್ನ ಉದ್ಯೋಗ ಕಣೇ" ಎಂದು ಐಸಕ್ಕ ಮಾತ್ರೆ ನುಂಗಿದಳು. ಆ ರಾತ್ರಿ ಅಕ್ಕ ನಿದ್ದೆ ಮಾಡಲಿಲ್ಲವೆಂದು ತಂಗಿ ಆಮೇಲೆ ಹೇಳಿದಳು.

ಶುಕ್ರವಾರ ಹಡಗು ಹತ್ತುವವರಿಗೆ ಬೀಳ್ಕೊಡುಗೆಯ ಸಭೆ. ಹಡಗಿನ ಖರ್ಚು ಕೊಡುವವರೆಲ್ಲ ಬಂದಿದ್ದರು. ನಿರ್ದೇಶಕ ಬರೆದುಕೊಟ್ಟ ಭಾಷಣವನ್ನು ಐಸಕ್ಕ ಮಡಿಸಿ ನೀರಿನ ಲೋಟದ ಕೆಳಗಿಟ್ಟಳು.

"ನನ್ನ ಲೇಖನದಲ್ಲಿ ತಪ್ಪಿದೆ. ಮಾಡಿದ್ದು ನಾನು. ಹಿಡಿದಿದ್ದು ಈ ಹುಡುಗಿ. ವಿವರ ಅವಳೇ ಹೇಳ್ತಾಳೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಬ್ಬರು ಎದ್ದು ಹೊರಟರು. ಐಸಕ್ಕ ವೇದಿಕೆ ಇಳಿದು, ಉಳಿದ ಐವರ ನಡುವೆ ಜಾಗ ಮಾಡಿಕೊಂಡು ಕೂತಳು. ಹುಡುಗಿ ಮೊದಲು ತಡವರಿಸಿದಳು, ಆಮೇಲೆ ಮೀನಿನ ಬುಟ್ಟಿ ಹೊತ್ತವರ ಗಂಟಲಲ್ಲಿ ಮಾತಾಡಿದಳು. ಮುಗಿದಾಗ ಐಸಕ್ಕ ಕೈ ಎತ್ತಿದಳು.

"ಮಿಕ್ಕ ತುಂಡುಗಳನ್ನೂ ನೋಡಿದ್ಯಾ?"

"ಇಲ್ಲ ಅಕ್ಕಾ. ನೀವೇ ಬರೆದ ಬಾಣ ಅಂತ..."

"ಅದಕ್ಕೇ ನೋಡು" ಎಂದು ಐಸಕ್ಕ ಎದ್ದು ಹೋಗಿ, ಶೀತಲಕೋಣೆಯ ಬೀಗದಕೈಯನ್ನು ಅವಳ ಅಂಗೈಗೆ ಹಾಕಿದಳು.