ಅತ್ತೆ ಮತ್ತು ಸೀಮೆಹಸು

ನಮ್ಮತ್ತೆ ಪುಟ್ಟಮ್ಮ ಕೊಟ್ಟಿಗೆಗೆ ಹೋಗುವಾಗಲೂ ಮದುವೆಮನೆಗೆ ಹೊರಟವರಂತೆ ಸೆರಗನ್ನು ಮೈತುಂಬ ಹೊದ್ದಿರುತ್ತಿದ್ದರು. ಸಗಣಿ ಬಾಚುವಾಗಲೂ ಅದು ಜಾರಿದ್ದನ್ನು ನಾನು ನೋಡಿಲ್ಲ. ಬಾಯಿಗೆ ಮಾತ್ರ ಯಾವ ಹಿಡಿತವೂ ಇರಲಿಲ್ಲ.

ನಾನು ಹಾಲು ಕರೆಯಲು ಕೂತರೆ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. "ಕೆಚ್ಚಲು ತೊಳ್ಯಕೆ ನೀರು ತಣ್ಣಗೈತೆ. ಒಸಿ ಬೆಚ್ಚಗೆ ಮಾಡ್ಕಂಡ್ರೆ ನಿಮ್ಮಪ್ಪನ ಗಂಟು ಓಯ್ತದಾ?" ಬೆಚ್ಚಗೆ ಮಾಡಿದ ದಿನ ಸೌದೆ ದಂಡವಾಯಿತೆಂದು ಬೈಗುಳ. ಹಾಗೆಂದು ತಾವು ಕರೆಯುತ್ತಿದ್ದರೇ? ಅದೂ ಇಲ್ಲ. ನಾಟಿ ಹಸು ಕಟ್ಟಿಕೊಂಡೇ ಬಾಳಿದವರು. ಈ ಸೀಮೆಹಸು ಬಂದ ದಿನವೇ ಅದನ್ನು ಮುಟ್ಟುವುದಿಲ್ಲ ಎಂದುಬಿಟ್ಟಿದ್ದರು. ನನ್ನ ಯಜಮಾನರು ಜಲ್ಲಿ ಲಾರಿ ಹತ್ತಿದರೆ ಎರಡು ದಿನ ಪತ್ತೆಯಿರುತ್ತಿರಲಿಲ್ಲ. ಹೀಗಾಗಿ ಆ ಹಸುವಿಗೆ ನನ್ನ ಕೈಯೊಂದೇ ರೂಢಿ. ಬೇರೆ ಯಾರು ಕೂತರೂ ಒದೆಯುತ್ತಿತ್ತು.

ಆಗ ಬೆಂಗಳೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಶುರುವಾಗಿ, ತಿಪ್ಪಸಂದ್ರದ ಕಡೆಯ ನಮ್ಮ ಹಳ್ಳಿಗೂ ವ್ಯಾನ್ ಬರತೊಡಗಿತು. ಮದುವೆಗೆ ಮುಂಚೆ ಹೊಲಿಗೆ ಕಲಿತಿದ್ದ ನಾನೂ ಸೇರಿಕೊಂಡೆ. ನನ್ನ ವಿದ್ಯೆಗೆ ಒಂದು ಕೆಲಸ ಸಿಕ್ಕಿದ್ದು ಅದೇ ಮೊದಲು. ವ್ಯಾನ್ ಆರೂವರೆಗೆ. ಹಸು ನಿಧಾನ, ಕರು ತುಂಟ, ಹಿಂದೆ ಅತ್ತೆಯ ಉಪದೇಶ. ಒಂದೇ ವಾರದಲ್ಲಿ ಎರಡು ಸಲ ವ್ಯಾನ್ ತಪ್ಪಿತು. ಇನ್ನೊಂದು ಸಲ ತಪ್ಪಿದರೆ ಬರಲೇಬೇಡ ಎಂದ ಸೂಪರ್‌ವೈಸರ್. ಅಂದು ಸಂಜೆ ಬಕೆಟ್ಟನ್ನು ಅತ್ತೆಯ ಮುಂದೆ ಕುಕ್ಕಿ, "ನಾಳೆಯಿಂದ ನೀವೇ ಕರ್ಕಳಿ, ಇಲ್ದಿದ್ರೆ ಮಾರ್ಬುಡಿ" ಎಂದು ಅತ್ತುಬಿಟ್ಟೆ.

ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದರೆ, ಹಾಲು ಕರೆಯುವಾಗ ನಾನು ತೊಡುತ್ತಿದ್ದ ಹೂವಿನ ನೈಟಿ ತೊಟ್ಟು ಅತ್ತೆ ಹಸುವಿನ ಪಕ್ಕ ಕೂತಿದ್ದರು. ನೈಟಿಯನ್ನು ಗೋಣಿಚೀಲ ಎಂದು ಹಂಗಿಸುತ್ತಿದ್ದವರು. ನನ್ನ ಬಟ್ಟೆಯ ವಾಸನೆಗೆ ಹಸು ಸುಮ್ಮನೆ ನಿಂತು ಹಾಲು ಬಿಡುತ್ತಿತ್ತು.

"ಏನ್ ನೋಡ್ತಾ ನಿಂತಿದೀಯೆ? ಆ ಕದ ಹಾಕು, ಯಾರಾರ ಕಂಡಾರು. ಮುಂಡೇದು, ಬಟ್ಟೆ ನೋಡಿ ಹಾಲ್ ಕೊಡ್ತೈತೆ. ಓಗು, ನಿನ್ ವ್ಯಾನ್ ಬತ್ತೈತೆ" ಎಂದರು.

ಎರಡು ವರ್ಷ ಹೀಗೇ ನಡೆಯಿತು. ಕದ ಹಾಕಿಕೊಂಡು ಕರೆದು, ಸೀರೆ ಉಟ್ಟ ಮೇಲೆಯೇ ಡೈರಿಗೆ ಹಾಲು ಒಯ್ಯುತ್ತಿದ್ದರು. ಬೈಗುಳವೇನೂ ಕಡಿಮೆಯಾಗಲಿಲ್ಲ. ನೈಟಿ ಒಗೆದರೆ ಹಸು ಒದೆಯುತ್ತದೆಂದು, ಒಗೆಯದಿದ್ದರೆ ನಾರುತ್ತದೆಂದು. ನನಗೆ ರೋಸಿಹೋಗುತ್ತಿತ್ತು.

ಒಂದು ಬೆಳಿಗ್ಗೆ, ನಾನು ಹೋದ ಮೇಲೆ, ಗಂಜಲದಲ್ಲಿ ಜಾರಿ ಕಲ್ಲಿನ ಬಾನಿಗೆ ತಲೆ ಹೊಡೆದುಕೊಂಡರು. ಪಕ್ಕದ ಮನೆಯವರು ಆಟೋದಲ್ಲಿ ಮಾಗಡಿಯ ಆಸ್ಪತ್ರೆಗೆ ಸೇರಿಸಿ ಎಂಟಕ್ಕೇ ಗಾರ್ಮೆಂಟ್ಸ್‌ಗೆ ಫೋನ್ ಮಾಡಿದ್ದರು. ಸೂಪರ್‌ವೈಸರ್ ನನಗೆ ಹೇಳಿದ್ದು ಊಟದ ಬಿಡುವಿನಲ್ಲಿ. ಅವನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಓಡಿಹೋಗಿ ನೋಡಿದರೆ, ತಲೆಗೆ ಪಟ್ಟಿ ಕಟ್ಟಿಸಿಕೊಂಡು, ಅದೇ ನೈಟಿಯಲ್ಲಿ, ಹೋಗಿಬರುವವರ ಎದುರಿಗೇ ಅತ್ತೆ ಮಲಗಿದ್ದರು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದರು.

"ಸೀರೆ ತಂದ್ಯೇನಮ್ಮಿ?" ಎಂದರು.

ತಂದಿರಲಿಲ್ಲ. ನನ್ನ ವೇಲನ್ನು ಹೊದಿಸಿ, ಬಸ್ಸು ಹಿಡಿದು ಊರಿಗೆ ಹೋದೆ. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆಯನ್ನೇ ಆರಿಸಿ ತಂದೆ. ಅದನ್ನು ಉಡಿಸುವಾಗ ನೆರಿಗೆ ಎಷ್ಟು ಸಲ ತಪ್ಪಿದರೂ ಅತ್ತೆ ಬೈಯಲಿಲ್ಲ.