ಸೊನ್ನೆ ಬರೆದ ಡೈರಿ

ನನಗೆ ಸಿಟ್ಟು ಬಂದರೆ ವಾರ್ಡಿನ ಆಚೆ ತುದಿಗೂ ಕೇಳುತ್ತದೆಂದು ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ನಗುತ್ತಿದ್ದರು. ಆ ಶನಿವಾರ ಕೇರಳ ಗಡಿಯೊಳಗಿನ ಮುಳ್ಳೇರಿಯದಲ್ಲಿ ಯಾರೂ ನಗಲಿಲ್ಲ.

ನಾನು ನರರೋಗದ ವೈದ್ಯ. ವಾರವಿಡೀ ಗಡಿಯಾಚೆಯ ಮೆಡಿಕಲ್ ಕಾಲೇಜಿನಲ್ಲಿ ಪಾಠ. ತಿಂಗಳಿಗೊಂದು ಶನಿವಾರ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದು ಇಲ್ಲಿ ಅಪಸ್ಮಾರದವರ ಕ್ಲಿನಿಕ್ಕು. ನನ್ನ ಸಂಶೋಧನೆಯೂ ಅಲ್ಲೇ. ಒಬ್ಬೊಬ್ಬ ರೋಗಿಗೂ ಒಂದು ಡೈರಿ ಕೊಟ್ಟಿದ್ದೆ. ಫಿಟ್ಸ್ ಬಂದ ದಿನ ಮನೆಯವರು ಅದರಲ್ಲಿ ಗುರುತು ಹಾಕಬೇಕು. ಹೊರಗಿನ ಮೇಜಿನಲ್ಲಿ ವಿದ್ಯಾರ್ಥಿ ಅದನ್ನೆಣಿಸಿ ಹಾಳೆಯಲ್ಲಿ ಬರೆಯುವುದು, ಹಾಳೆ ನೋಡಿ ನಾನು ಮಾತ್ರೆ ಬರೆಯುವುದು.

ಪೆರ್ಲದ ಕಡೆಯಿಂದ ತಾಯಿಯ ಜೊತೆ ಬರುತ್ತಿದ್ದ ಒಬ್ಬ ಹುಡುಗಿ ರವಿಕೆ ಹೊಲಿಯುವವಳು. ಮಾತ್ರೆಯಿಂದ ಮಿಷನ್ನಿನ ಮೇಲೆಯೇ ತೂಕಡಿಕೆ ಬರುತ್ತದೆ ಎಂದಳು. ಹಾಳೆಯಲ್ಲಿ ಆರು ತಿಂಗಳಿಗೂ ಸೊನ್ನೆ. "ಭೇಷ್, ಒಂದು ಮಾತ್ರೆ ಕಡಿಮೆ ಮಾಡುವ" ಎಂದು ಕಳಿಸಿದೆ. ಮುಂದಿನ ಸಲ, ಆ ಶನಿವಾರ, ಬಂದಾಗ ಅವಳ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಗಂಜಿ ಬೇಯಿಸುವಾಗ ಫಿಟ್ಸ್ ಬಂದು ಒಲೆಗೇ ಬಿದ್ದಿದ್ದಳು.

"ಆರು ತಿಂಗಳು ಬಾರದ್ದು ಈಗ ಹೇಗೆ ಬಂತು? ಮಾತ್ರೆ ತಪ್ಪಿಸಿದ್ದಾ?" ಎಂದು ಗದರಿದೆ.

ತಾಯಿ ಚೀಲದಿಂದ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್ ತೆಗೆದರು. ತಿಂಗಳಿಗೆ ಎರಡು ಮೂರು ಕಡೆ ಪೆನ್ಸಿಲಿನ ಗೀಟು.

"ಬಾರದೆ ಎಂತ ಡಾಕ್ಟ್ರೇ? ಬಂದದ್ದೆಲ್ಲ ಇದರಲ್ಲಿ ಉಂಟು."

"ಡೈರಿಯಲ್ಲಿ ಯಾಕೆ ಹಾಕಲಿಲ್ಲ?"

"ಅದು ಮಲಯಾಳದಲ್ಲಿ ಅಲ್ವಾ? ನಾವು ಕನ್ನಡ ಶಾಲೆಗೆ ಹೋದವರು. ಎಲ್ಲಿ ಎಂತ ಬರೀಬೇಕು ಅಂತ ಗೊತ್ತಾಗ್ಲಿಲ್ಲ. ಹಾಳಾಗುದು ಬೇಡ ಅಂತ ಹಾಗೇ ತಂದು ಕೊಟ್ಟದ್ದು."

"ಮಾತ್ರೆ ಕಡಿಮೆ ಮಾಡುವಾಗಲಾದರೂ ಬಾಯಿ ಬಿಡಬಾರದಿತ್ತಾ?"

"ನೀವು ಎಲ್ಲ ಗೊತ್ತಿದ್ದೇ ಹೇಳಿದ್ದು ಅಂತ ಗ್ರಹಿಸಿದೆ."

ಥೂ! ಹೊರಗಿನ ಮೇಜಿಗೆ ಹೋಗಿ ವಿದ್ಯಾರ್ಥಿಯ ಮೇಲೆ ಹರಿಹಾಯ್ದೆ. "ಖಾಲಿ ಪುಟಕ್ಕೂ ಸೊನ್ನೆಗೂ ವ್ಯತ್ಯಾಸ ಗೊತ್ತಿಲ್ವಾ ಮಾರಾಯ? ಒಂದು ಮಾತು ಕೇಳಿದ್ರೆ ನಾಲಿಗೆ ಸವೆಯುತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಗುರುತಿಲ್ಲದಿದ್ರೆ ಸೊನ್ನೆ ಬರೀಲಿಕ್ಕೆ ನೀವೇ ಹೇಳಿಕೊಟ್ಟದ್ದು ಸರ್."

ಹೌದು, ನಾನೇ. ಡೈರಿಯನ್ನು ಅಚ್ಚಿಗೆ ಕಳಿಸುವಾಗ, ಕೇರಳ ತಾನೇ, ಮಲಯಾಳ ಸಾಕು ಎಂದು ಸಹಿ ಹಾಕಿದವನೂ ನಾನೇ. ಇದೇ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವನು! ಮಲಯಾಳದ ಅರ್ಜಿ ಚಾಚಿದ ಕಚೇರಿಯವರ ಜೊತೆ ಎಷ್ಟೋ ಸಲ ಜಗಳವಾಡಿದವನು! ನನ್ನ ಮೇಲೆಯೇ ಬಂದ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮಾತ್ರೆ ಬದಲಿಸಿದೆ. ಕನ್ನಡದ ಡೈರಿ ಅಚ್ಚು ಹಾಕಿಸಿದೆ. ಮುಂದೆ ಅವರು ಬಂದಾಗ ಬ್ಯಾಂಡೇಜು ಬಿಚ್ಚಿಯಾಗಿತ್ತು, ಆದರೆ ಬೆರಳುಗಳು ಸೆಟೆದು ಕತ್ತರಿಯ ಹಿಡಿಯೊಳಗೆ ಹೋಗುತ್ತಿರಲಿಲ್ಲ. ಹೊಸ ಡೈರಿಯನ್ನು ನಾನೇ ಎದ್ದು ಹೋಗಿ ಕೊಟ್ಟೆ. ತಾಯಿ ಕೈ ಚಾಚಲಿಲ್ಲ.

"ಬೇಡ ಡಾಕ್ಟ್ರೇ. ನೀವು ಇದನ್ನೇ ನೋಡಿ" ಎಂದು ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿದರು. ಮತ್ತೆ ಸುತ್ತಿಕೊಳ್ಳುತ್ತಿದ್ದ ಅದರ ಅಂಚನ್ನು ಹುಡುಗಿ ಎಡಗೈಯಲ್ಲಿ ಒತ್ತಿ ಹಿಡಿದಳು.